ನಂಗು: ಕೆಸರಿನ ಬಣ್ಣದ ಮೀನು

ಮೀನು ಮಾರುಕಟ್ಟೆಯ ಕಟ್ಟೆಯ ಮೇಲೆ ಬಂಗುಡೆ, ಬೂತಾಯಿ, ಅಂಜಲ್‌ಗಳ ಬೆಳ್ಳಿಹೊಳಪಿನ ಪಕ್ಕದಲ್ಲಿ ಮಣ್ಣುಬಣ್ಣದ ಒಂದು ರಾಶಿ ಇರುತ್ತದೆ. ದೂರದಿಂದ ಕಂಡರೆ ಮಳೆಗೆ ನೆನೆದ ಮಾವಿನೆಲೆಗಳನ್ನು ಗುಡಿಸಿಟ್ಟ ಹಾಗೆ. ಅದೇ ನಂಗು. ತುಳುವರಿಗೆ ನಂಗ್, ಗೋವಾದವರಿಗೆ ಲೆಪೊ, ಕೇರಳದವರಿಗೆ ಮಾಂತಳ್. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರಗಳಲ್ಲಿ ಉಡುಪಿ, ಮಂಗಳೂರಿನ ಕಡೆ ಈ ರಾಶಿ ದೊಡ್ಡದಾಗುತ್ತದೆ.

‘ಎರಡು ಪಾಲು ಕೊಡಿ ಅಕ್ಕ, ಸುಲಿದೇ ಕೊಡಿ’ ಎಂದೆ. ಆಕೆ ಒಂದನ್ನು ಎತ್ತಿ ತಲೆಯ ಹತ್ತಿರ ಕತ್ತಿಯ ಮೊನೆಯಿಂದ ಸಣ್ಣದೊಂದು ಗೀರು ಹಾಕಿದರು. ಜಾರದಿರಲೆಂದು ಬೆರಳುಗಳನ್ನು ಉಪ್ಪಿಗೆ ಒತ್ತಿದರು. ಚರ್ಮದ ತುದಿ ಹಿಡಿದು ಬಾಲದ ಕಡೆಗೆ ಎಳೆದರೆ ಪರ್‍ರ್ ಎಂಬ ಸದ್ದಿನೊಂದಿಗೆ ಒದ್ದೆ ಅಂಗಿ ಕಳಚಿದಂತೆ ಇಡೀ ಚರ್ಮ ಬಂತು. ‘ಈ ಕಂದು ಚರ್ಮ ಬಿಟ್ಟರೆ ಬಾಯಿಗೆ ಮರಳು ಮರಳು’ ಎಂದರು. ಒಂದು ಮೀನಿಗೆ ನಾಲ್ಕೇ ಸೆಕೆಂಡು. ನಾನು ಮನೆಯಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಚರ್ಮ ನಡುವೆ ಹರಿಯುತ್ತದೆ.

ಸುಲಿಯುವ ಮೊದಲು ಒಂದನ್ನು ಅಂಗೈಯ ಮೇಲಿಟ್ಟು ನೋಡಬೇಕು. ನಾಲಿಗೆಯಂಥ ಮೈ. ಬೆನ್ನಿನ ರೆಕ್ಕೆ, ಹೊಟ್ಟೆಯ ರೆಕ್ಕೆ, ಬಾಲ ಮೂರೂ ಒಂದಕ್ಕೊಂದು ಸೇರಿ ಸುತ್ತಲೂ ಜಾಲರಿಯಂತೆ ಹರಿದಿವೆ. ಎದೆಯ ರೆಕ್ಕೆ ಇಲ್ಲ. ಬಾಯಿ ಕೆಳಕ್ಕೆ ಕೊಕ್ಕೆಯಂತೆ ಬಾಗಿದೆ. ಮೇಲ್ಬದಿ ಕೆಸರು, ಕೆಳಬದಿ ಬಿಳಿ. ಎರಡು ಕಣ್ಣೂ ಒಂದೇ ಕಡೆ, ಸಾಸಿವೆ ಕಾಳಿನಂತೆ ಒತ್ತೊತ್ತಾಗಿವೆ. ನಾವು ಇದರ ಬೆನ್ನು ಎಂದುಕೊಳ್ಳುವುದು ನಿಜಕ್ಕೆ ಎಡಪಕ್ಕೆ. ಹೊಟ್ಟೆ ಎಂದುಕೊಳ್ಳುವುದು ಬಲಪಕ್ಕೆ. ಬೆಳೆದ ಮೀನು ಸದಾ ಬಲಮಗ್ಗುಲಾಗಿ ಮಲಗಿರುತ್ತದೆ.

ಹುಟ್ಟುವಾಗ ಹೀಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಬೇರೆ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ಇಕ್ಕೆಲಗಳಲ್ಲಿ ಒಂದೊಂದು ಕಣ್ಣು. ಕೆಲವು ವಾರಗಳಲ್ಲಿ ಬಲಗಣ್ಣು ತಲೆಯ ಮೇಲಿಂದ ದಾಟಿ ಎಡಕ್ಕೆ ಬಂದು ಕೂರುತ್ತದೆ, ತಲೆಬುರುಡೆ ತಿರುಚಿಕೊಳ್ಳುತ್ತದೆ, ಮರಿ ತಳಕ್ಕಿಳಿದು ಮಲಗುತ್ತದೆ. ಜಗತ್ತಿನ ಸುಮಾರು 800 ಜಾತಿಯ ಚಪ್ಪಟೆ ಮೀನುಗಳೆಲ್ಲವೂ ಈ ಹಾದಿಯಲ್ಲೇ ಬಂದವು. ಇಂಗ್ಲೆಂಡಿನವರ ಫ್ಲೌಂಡರ್ ಕೂಡ ಇದೇ ಬಳಗದ್ದು, ಆದರೆ ಅದರ ಕಣ್ಣುಗಳು ಸಾಮಾನ್ಯವಾಗಿ ಬಲಕ್ಕೆ.

ಈ ಕಣ್ಣು ಡಾರ್ವಿನ್‌ನನ್ನೂ ಕಾಡಿತ್ತು. ಅರ್ಧ ದಾರಿ ಸರಿದ ಕಣ್ಣಿನಿಂದ ಮೀನಿಗೆ ಏನು ಲಾಭ ಎಂದು 1871ರಲ್ಲಿ ಜೀವವಿಜ್ಞಾನಿ ಸೇಂಟ್ ಜಾರ್ಜ್ ಮಿವಾರ್ಟ್ ಕೇಳಿದ್ದ. ಮರುವರ್ಷ ತನ್ನ ಗ್ರಂಥದ ಆರನೆಯ ಆವೃತ್ತಿಯಲ್ಲಿ ಡಾರ್ವಿನ್ ಉತ್ತರ ಕೊಟ್ಟ, ವಾದ ನಿಲ್ಲಲಿಲ್ಲ. 2008ರಲ್ಲಿ ಪಳೆಯುಳಿಕೆ ತಜ್ಞ ಮ್ಯಾಟ್ ಫ್ರೀಡ್‌ಮನ್, ಇಟಲಿಯ ಮೋಂಟೆ ಬೋಲ್ಕಾದ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಕಣ್ಣು ಅರ್ಧವಷ್ಟೇ ಸರಿದ ಬೆಳೆದ ಮೀನುಗಳನ್ನು ತೋರಿಸಿದರು. ಅರ್ಧ ಸರಿದ ಕಣ್ಣಿನಿಂದಲೂ ಆ ಮೀನುಗಳು ಬಾಳಿದ್ದವು, ಬೆಳೆದಿದ್ದವು.

ಬಣ್ಣದ ಚಾತುರ್ಯದಲ್ಲಿ ನಂಗಿನ ದೂರದ ನೆಂಟರು ಇನ್ನೂ ಮುಂದೆ. ಚೆನ್ನೈಯಲ್ಲಿ ವೈದ್ಯಕೀಯ ಓದಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ಸಂಗಡಿಗರು ಉಷ್ಣವಲಯದ ಫ್ಲೌಂಡರ್‌ಗಳನ್ನು ಚದುರಂಗದ ಹಾಸಿನಂಥ ತಳಗಳ ಮೇಲೆ ಬಿಟ್ಟು ನೋಡಿದರು. ಕೆಲವೇ ಸೆಕೆಂಡುಗಳಲ್ಲಿ ಮೀನುಗಳ ಮೈಯ ಚುಕ್ಕಿಗಳು ತಳಕ್ಕೆ ಹೊಂದುವಂತೆ ಬದಲಾದವು. 1996ರಲ್ಲಿ ಪ್ರಕಟವಾದ ಸಂಶೋಧನೆ ಇದು. ನಮ್ಮ ನಂಗಿಗೆ ಇಷ್ಟು ಚಿತ್ತಾರ ಬೇಕಿಲ್ಲ. ಅದು ಬದುಕುವುದು ಕೆಸರಲ್ಲಿ, ಮೈಯೇ ಕೆಸರಿನ ಬಣ್ಣ.

ನಮ್ಮ ಕರಾವಳಿಯಲ್ಲಿ ಹೇರಳವಾಗಿ ಸಿಗುವುದು ‘ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್’. ಬೆಳೆದರೂ ಗೇಣುದ್ದ ದಾಟುವುದು ಕಡಿಮೆ. ಕೆಸರಲ್ಲಿ ಹುದುಗಿರುವ ಹುಳುಗಳೇ ಇದರ ಮುಖ್ಯ ಊಟ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣೀರು ಮೇಲೆದ್ದು ಕರಾವಳಿಯತ್ತ ತಳಕ್ಕಂಟಿಕೊಂಡೇ ಸರಿಯುತ್ತದೆ. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಉಸಿರು ಕಟ್ಟುವ ಆ ನೀರು ಹತ್ತಿರವಾದಂತೆ ತಳದ ಮೀನುಗಳು ದಡದ ಕಡೆ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಮಳೆಗಾಲದ ಬೆನ್ನಿಗೆ ನಂಗು ರಾಶಿಬೀಳಲು ಇದೊಂದು ಮುಖ್ಯ ಕಾರಣ. ವಿಜ್ಞಾನಿಗಳು ಉಷ್ಣತೆ, ಆಮ್ಲಜನಕ ಅಳೆದು ಹೇಳುವುದನ್ನು ಮೀನುಗಾರರು ನೀರಿನ ಬಣ್ಣ, ತಣ್ಣಗಿನ ಸ್ಪರ್ಶ, ಬಲೆಗೆ ಮೆತ್ತಿಕೊಂಡು ಬರುವ ಕೆಸರು ನೋಡಿ ತಿಳಿಯುತ್ತಾರೆ.

ಈ ಮೀನನ್ನು ಹಿಡಿಯುವುದೆಂದರೆ ನೆಲ ಸವರುವುದು. ಬಂಗುಡೆ, ಬೂತಾಯಿಯ ಹಿಂಡು ನೀರಿನ ಮೇಲೆ ಗುರುತು ಕೊಡುತ್ತದೆ; ನಂಗು ಏನೂ ಕೊಡುವುದಿಲ್ಲ. ದಡದಲ್ಲಿ ಎಳೆಯುವ ಕೈರಂಪಣಿ ಬಲೆಯ ತಳದ ಹಗ್ಗ ಮರಳಿಗೆ ಅಂಟಿಯೇ ಸಾಗಬೇಕು. ಹಗ್ಗ ಒಂದು ಗೇಣು ಎದ್ದರೂ ಮೀನು ಅಡಿಯಿಂದ ನುಸುಳಿತು. ಬೋಟಿನ ಟ್ರಾಲ್ ಬಲೆಯಲ್ಲಿ ಎರಡು ಬೋರ್ಡುಗಳು ಬಲೆಯ ಬಾಯನ್ನು ಅಗಲಿಸುತ್ತವೆ, ಭಾರದ ಹಗ್ಗ ಕೆಸರನ್ನು ಕದಡುತ್ತದೆ, ಬೆದರಿ ಎದ್ದ ಮೀನು ಹಿಂದಿನ ಚೀಲ ಸೇರುತ್ತದೆ. ಬೋಟು ನಡೆಸುವ ತಾಂಡೇಲರು ಬಲೆ ಎಷ್ಟು ಭಾರವಾಗಿ ಬರುತ್ತಿದೆ ಎಂಬುದನ್ನು ಎಂಜಿನ್ನಿನ ಸದ್ದಿನಲ್ಲೇ ಅಳೆಯುತ್ತಾರೆ.

ನನ್ನ ಕಳವಳ ಇರುವುದು ಆ ಚೀಲದ ಬಗ್ಗೆ. ಬಲೆಯ ಕಣ್ಣು ಸಣ್ಣದಾದರೆ ಬೆರಳುದ್ದದ ಮರಿಗಳೂ ಬರುತ್ತವೆ. ಊಟದ ತಟ್ಟೆಗೆ ಯೋಗ್ಯವಲ್ಲದ ಮರಿಗಳು ಬೇರೆ ಸಣ್ಣಪುಟ್ಟ ಮೀನಿನೊಂದಿಗೆ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುತ್ತವೆ. ಪರಿಹಾರವೆಂದು ಚೌಕ ಕಣ್ಣಿನ ಚೀಲವನ್ನು ಸೂಚಿಸುತ್ತಾರೆ. ಎಳೆದಾಗ ಅದು ಮುಚ್ಚಿಕೊಳ್ಳುವುದಿಲ್ಲ, ಉರುಟು ಮೈಯ ಮರಿಗಳಿಗೆ ದಾರಿ ಸಿಗುತ್ತದೆ. ಆದರೆ ಚಪ್ಪಟೆ ಮೀನಿಗೆ ಅಡ್ಡಕ್ಕೆ ಸೀಳಿದಂಥ ವಜ್ರಾಕಾರದ ಕಣ್ಣೇ ಹೆಚ್ಚು ಅನುಕೂಲ. ಒಂದೇ ಚೀಲದಿಂದ ಎಲ್ಲ ಮೀನೂ ಉಳಿಯದು. ನಿಯಮ ಬರೆಯುವವರು ನಂಗಿನ ಮೈಯನ್ನೂ ಒಮ್ಮೆ ಅಂಗೈಯ ಮೇಲಿಟ್ಟು ನೋಡಬೇಕು. ಜೂನ್, ಜುಲೈ ತಿಂಗಳ 61 ದಿನಗಳ ನಿಷೇಧವನ್ನಂತೂ ನಾನು ಮನಸಾರೆ ಒಪ್ಪುತ್ತೇನೆ.

ಅಡುಗೆಯ ಮಾತು ಚಿಕ್ಕದು. ಪುಳಿಮುಂಚಿಗೆ ನಂಗು ಒಳ್ಳೆಯದು, ರವೆ ಹಚ್ಚಿ ಕಾಯಿಸಿದರೆ ಇನ್ನೂ ಒಳ್ಳೆಯದು. ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ್ದನ್ನು ಕೆಂಡದಲ್ಲಿ ಸುಟ್ಟು, ತೆಂಗಿನಕಾಯಿ, ಒಣಮೆಣಸು, ಹುಣಸೆಯ ಜತೆ ಗುದ್ದಿದ ಚಟ್ನಿಗೆ ಕುಚ್ಚಲಕ್ಕಿ ಗಂಜಿ ಬಿಟ್ಟರೆ ಬೇರೇನೂ ಬೇಡ. ಮುಳ್ಳು ನಡುವಿನ ಒಂದು ಸಾಲಿನಲ್ಲೇ ಇರುವುದರಿಂದ ನಮ್ಮ ಅಜ್ಜಿ ಮಕ್ಕಳಿಗೆ ಮೊದಲು ತಿನ್ನಿಸುತ್ತಿದ್ದ ಮೀನು ಇದು.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಕೈರಂಪಣಿ ಎಳೆದು ಮುಗಿಸಿದವರ ಜತೆ ನಿಂತಿದ್ದೆ. ಬಲೆಯಲ್ಲಿ ಸಿಕ್ಕ ಕಿರುಬೆರಳಿನಷ್ಟು ನಂಗನ್ನು ಹಿರಿಯರೊಬ್ಬರು ಮೊಣಕಾಲುದ್ದದ ತಿಳಿನೀರಿಗೆ ಬಿಟ್ಟರು. ಅದು ತಳ ಸೇರಿ ಸುತ್ತಲಿನ ಜಾಲರಿಯನ್ನು ಎರಡು ಸಲ ಅದುರಿಸಿತು. ಮರಳು ಎದ್ದು ಮೈಮೇಲೆ ಕೂತಿತು. ‘ಎಲ್ಲಿದೆ ಹೇಳಿ ನೋಡುವಾ’ ಎಂದರು ಅವರು. ನಾನು ಬಗ್ಗಿ ತುಂಬ ಹೊತ್ತು ಹುಡುಕಿದೆ. ಮರಳಿನ ಮೇಲೆ ಎರಡು ಸಾಸಿವೆ ಕಾಳುಗಳು ಮಾತ್ರ ನನ್ನನ್ನು ನೋಡುತ್ತಿದ್ದವು.