ಖಳನಾಯಕ ಕಾಣಂಗಿಲ್ಲ, ಗಾಳಿ ಮಾತ್ರ ಐತಿ!

ಚಿತ್ರರಸಿಕ ಮಿತ್ರರೇ, 1992ರಲ್ಲಿ ತೆರೆಕಂಡ 'ಜೋ ಜೀತಾ ವಹೀ ಸಿಕಂದರ್' ನೋಡಿದ್ದೀರಲ್ಲ? ಕೊನೆಯ ಸೈಕಲ್ ಪಂದ್ಯದಲ್ಲಿ ಅಮೀರ್ ಖಾನ್ ಮುನ್ನುಗ್ಗಿದಾಗ ಗಾಂಧಿ ಕ್ಲಾಸಿನ ಶಿಳ್ಳೆಗಳು... ಆಹಾ! ಆದರೆ ಪಕ್ಕದಲ್ಲಿ ಎದುರಾಳಿಯೇ ಇಲ್ಲದ ಇನ್ನೊಂದು ರೇಸ್ ಇದೆ. ಅದೇ ಟೈಮ್ ಟ್ರಯಲ್. ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಗಡಿಯಾರವೇ ತೀರ್ಪುಗಾರ!

ನಾನು ಬೆಟಗೇರಿಯವ. ಬೆಳಗಿನ ಜಾವ ಸೈಕಲ್, ಆಮೇಲೆ ದಿನವಿಡೀ ಮಗ್ಗ. ಇಷ್ಟು ವರ್ಷ ಗುಂಪಿನ ರೇಸುಗಳಲ್ಲೇ ಓಡಿದೆ. ಅಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿ ತಪ್ಪುತ್ತದೆ, ದಮ್ಮು ಉಳಿಯುತ್ತದೆ. ಆದರೆ ಕೊನೆಯ ಇನ್ನೂರು ಮೀಟರಿನಲ್ಲಿ ಚಿಕ್ಕ ಹುಡುಗರು ಗುಂಡು ಹಾರಿದಂಗ ಹೋಗಿಬಿಡ್ತಾರ! ನನ್ನ ಕಾಲಿಗೆ ಆ ಸಿಡಿತ ಇಲ್ಲ. ಒಂದೇ ವೇಗದಲ್ಲಿ ತಾಸುಗಟ್ಟಲೆ ತುಳಿಯುವ ತಾಕತ್ತು ಐತಿ. ವಯಸ್ಸು ಇಪ್ಪತ್ತೇಳು. "ಈ ವರ್ಷಕ್ಕ ಸಾಕು ಮಾಡಪಾ" ಅಂತಾಳ ಅವ್ವ. ಉಳಿದದ್ದು ಒಂದೇ ಸೀಜನ್. ಹಾಗಾಗಿ ಗುಂಪು ಬಿಟ್ಟೆ, ಗಡಿಯಾರ ಹಿಡಿದೆ.

ಎಂಟೇ ಸೆಕೆಂಡ್!

ಇದಕ್ಕೆ ಬೇಕಾದ ಹೊಸ ಸೈಕಲ್ ಲಕ್ಷದ ಮಾತು. ನಂದೋ ಹಳೇ ಉಕ್ಕಿನ ರೇಸಿಂಗ್ ಸೈಕಲ್. ಧೈರ್ಯ ಕೊಟ್ಟದ್ದು 1989ರ ಟೂರ್ ದ ಫ್ರಾನ್ಸ್ ಕಥೆ. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಫ್ರಾನ್ಸಿನ ಫಿನ್ಯೊ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಹ್ಯಾಂಡಲಿಗೆ ಮೊಳಕೈ ಊರುವ ಕೊಂಬು ಕಟ್ಟಿ, ಬಾಲದ ಹೆಲ್ಮೆಟ್ ಹಾಕಿದ. ಫಿನ್ಯೊ ಬರಿದಲೆಯಲ್ಲಿ ಜುಟ್ಟು ಹಾರಿಸುತ್ತ ಹೊರಟ. ಮೂರು ವಾರದ ಪಂದ್ಯವನ್ನು ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಿಂದ!

ಗುಟ್ಟೇನು? ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಅದರಲ್ಲಿ ದೊಡ್ಡ ಪಾಲು ಸವಾರನ ಮೈಯದು, ಸೈಕಲ್ಲಿನದಲ್ಲ. ಅಂದಮೇಲೆ ಮೊದಲು ಬದಲಾಗಬೇಕಾದದ್ದು ಕೂಡುವ ರೀತಿ! ಹ್ಯಾಂಡಲ್ ಎರಡು ಬೆರಳು ಇಳಿಸಿದೆ, ಸೀಟು ತುಸು ಮುಂದೆ ತಂದೆ, ಕೊಂಬು ಕಟ್ಟಿದೆ, ಪಟಪಟಿಸುವ ಅಂಗಿ ಬಿಟ್ಟೆ. ನೆನಪಿರಲಿ, ಗುಂಪಿನ ರೇಸಿಗೆ ಈ ಕೊಂಬು ನಡೆಯಂಗಿಲ್ಲ, ಬಿಚ್ಚಬೇಕು.

ಮುಂಡರಗಿ ರಸ್ತೆಯ ಪರೀಕ್ಷೆ

ಆಷಾಢದಲ್ಲಿ ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೊರಟರೆ ಗಾಳಿ ಬೆನ್ನು ತಟ್ಟುತ್ತದೆ. ಮುಂದೆ 52 ಹಲ್ಲು, ಹಿಂದೆ 14 ಹಲ್ಲು. ನಿಮಿಷಕ್ಕೆ 90 ಸುತ್ತು ತುಳಿದರೆ ತಾಸಿಗೆ ಸುಮಾರು 42 ಕಿ.ಮೀ. ತಿರುಗಿ ಬರುವಾಗ ಅದೇ ಗಾಳಿ ಎದೆಗೆ ಗುದ್ದುತ್ತದೆ. ಆಗ ಹಟ ಮಾಡಬಾರದು. 42ಕ್ಕೆ 17 ಹಾಕಬೇಕು. ಅದೇ 90 ಸುತ್ತಿಗೆ 28 ಕಿ.ಮೀ. ಸಾಕು, ಮಂಡಿ ಉಳಿಯುತ್ತದೆ.

ಭಾನುವಾರ ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ ಉದ್ದನೆಯ ಸವಾರಿ. ಮಳೆಯಾದರೆ ರಸ್ತೆಗೆ ಬಿದ್ದ ಎರೆಮಣ್ಣು ಬ್ರೇಕಿಗೆ ಮೆತ್ತಿಕೊಳ್ಳುತ್ತದೆ. ಕಡ್ಡಿಯಿಂದ ಕೆರೆದು ಮುಂದೆ ಸಾಗುವುದು. "ಕೊಂಬಿನ ಸೈಕಲ್ ಬಂತ್ಲೇ!" ಅಂತ ಹುಡುಗರು ಹಿಂದೆ ಓಡಿಬರ್ತಾರ. ಅದೇ ನನ್ನ ಶಿಳ್ಳೆ!

ಹತ್ತು ಕಿಲೋಮೀಟರಿಗೆ ನಲವತ್ತು ಸೆಕೆಂಡ್ ಇಳಿದಿದೆ. ಕಾಲು ಅದೇ, ಸೈಕಲ್ ಅದೇ. ಸೀಜನ್ ಮುಗಿಯುವುದರೊಳಗೆ ಇನ್ನಷ್ಟು ಇಳಿಸಬೇಕು. ತಮ್ಮಂದಿರಾ, ದುಬಾರಿ ಸೈಕಲ್ ಇಲ್ಲ ಅಂತ ಮನೇಲಿ ಕೂಡಬ್ಯಾಡ್ರಿ. ಒಂದು ಗಡಿಯಾರ, ಒಂದು ಪಾನಾ ತಗೊಂಡು ರಸ್ತೆಗಿಳೀರಿ!