ಬಸುರಿ ಹೆಂಗಸರೂ ನಾಟಿ ಮದ್ದೂ



ಮನೆಯಲ್ಲಿ ಸೊಸೆ ಬಸುರಿಯಾದಳೆಂದರೆ ಮದ್ದು ಹೇಳುವವರಿಗೆ ಬರವಿಲ್ಲ. ಒಬ್ಬರು ಕಷಾಯ ಕಾಸಿ ಎನ್ನುತ್ತಾರೆ, ಇನ್ನೊಬ್ಬರು ಬೇರು ತೇದು ಕುಡಿಸಿ ಎನ್ನುತ್ತಾರೆ. “ಬೇರುನಾರು ತಾನೇ, ಏನಾದೀತು ಬಿಡಿ” ಎಂಬ ಮಾತೂ ಜೊತೆಗೇ ಬರುತ್ತದೆ. ಈ ಮಾತು ಎಷ್ಟು ಸರಿ, ಸ್ವಲ್ಪ ವಿಚಾರ ಮಾಡೋಣ.

ಗಿಡದಲ್ಲಿ ಗುಣವಿರುವುದರಿಂದಲೇ ಅದು ಮದ್ದು. ಗುಣವಿದ್ದ ಕಡೆ ದೋಷವೂ ಇರಬಹುದು. ತಾಯಿ ಕುಡಿದ ಕಷಾಯದ ಸಾರ ಅವಳ ರಕ್ತಕ್ಕೆ ಸೇರಿ, ಮಾಸಿನ ಮೂಲಕ ಮಗುವನ್ನೂ ಮುಟ್ಟಬಹುದು. ಮೊದಲ 3 ತಿಂಗಳಲ್ಲಿ ಮಗುವಿನ ಹೃದಯ, ಮೆದುಳು, ಕೈಕಾಲುಗಳು ರೂಪುಗೊಳ್ಳುತ್ತವೆ. ಆಗಂತೂ ಹೆಚ್ಚಿನ ಎಚ್ಚರ ಬೇಕು.

ಹಾಗೆಂದು ಒಗ್ಗರಣೆ ಡಬ್ಬಿಗೆ ಹೆದರಬೇಕಾಗಿಲ್ಲ. ಜೀರಿಗೆ, ಮೆಣಸು, ಅರಿಸಿನ ಊಟದ ಅಳತೆಯಲ್ಲಿ ಧಾರಾಳವಾಗಿ ಇರಲಿ. ಓಕರಿಕೆಗೆ ಶುಂಠಿ ಗುಣ ಕೊಡುವುದುಂಟು. ಒಣಶುಂಠಿಯಾದರೆ ದಿನಕ್ಕೆ 1 ಗ್ರಾಂ ಮೀರದಿರಲಿ. ಅಡಿಗೆಗೆ ಹಾಕುವ ಚಿಟಿಕೆ ಬೇರೆ, ಹಿಡಿ ಹಿಡಿ ಹಾಕಿ ಬತ್ತಿಸಿದ ಕಷಾಯ ಬೇರೆ.

ಹರಳೆಣ್ಣೆಯ ವಿಷಯ ನೋಡಿ. ಮಲಬದ್ಧತೆಗೂ, ಬೇಗ ಹೆರಿಗೆಯಾಗಲೆಂದೂ ಇದನ್ನು ಕುಡಿಸುವ ರೂಢಿಯುಂಟು. ಈ ಎಣ್ಣೆಯಿಂದ ಹೊಟ್ಟೆಯಲ್ಲಿ ಹೊರಬರುವ ಒಂದು ಆಮ್ಲ ಕರುಳನ್ನು ಹಿಂಡುವಂತೆ ಗರ್ಭಕೋಶವನ್ನೂ ಹಿಂಡಿಸುತ್ತದೆ. ಇದು ಹೇಗೆಂಬುದನ್ನು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿಕೊಟ್ಟರು. ದಿನ ತುಂಬುವ ಮೊದಲೇ ನೋವು ಬಂದರೆ ಗತಿಯೇನು? ಪರಂಗಿಕಾಯಿಯ ಹಾಲಿಗೂ ಗರ್ಭಕೋಶವನ್ನು ಕೆರಳಿಸುವ ಗುಣವಿದೆ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಆ ಹಾಲು ಬಲು ಕಡಿಮೆ. ಮಲಬದ್ಧತೆಗೆ ಮೊದಲು ನೀರು, ಸೊಪ್ಪು, ಹಣ್ಣು ನೋಡಿ.

ಇನ್ನು ಹೆಸರು ಚೀಟಿ ಇಲ್ಲದ ಗುಳಿಗೆ, ಭಸ್ಮ. ನಮ್ಮ ದೇಶದಿಂದ ಹೋದ ಇಂಥ ಮದ್ದು ತಿಂದು 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ 6 ಮಂದಿ ಬಸುರಿಯರ ರಕ್ತದಲ್ಲಿ ಸೀಸದ ವಿಷ ಕಂಡುಬಂತು. ಸೀಸ ಮಗುವಿನ ಮೆದುಳನ್ನೂ ಕೆಡಿಸುತ್ತದೆ. ಗಂಡು ಮಗುವಿಗೆಂದು ಕೊಡುವ ಪುಡಿಯನ್ನಂತೂ ಮನೆಗೇ ತರಬೇಡಿ. ಗಂಡೋ ಹೆಣ್ಣೋ ಎಂಬುದು ಗರ್ಭ ನಿಂತ ಗಳಿಗೆಯಲ್ಲೇ, ತಂದೆಯ ಬೀಜದಿಂದ, ತೀರ್ಮಾನವಾಗಿರುತ್ತದೆ. ಅದನ್ನು ಯಾವ ಮದ್ದೂ ಬದಲಿಸದು.

ಎಲ್ಲಕ್ಕಿಂತ ದೊಡ್ಡ ಅಪಾಯ, ಮದ್ದು ಮಾಡುತ್ತಾ ದಿನ ಕಳೆಯುವುದು. ಕಣ್ಣು ಹಳದಿಯಾದರೆ ‘ಕಾಮಾಲೆ’ ಎಂದು ಸೊಪ್ಪಿನ ರಸ ಕುಡಿಸಿ, ಪಥ್ಯ ಹಿಡಿಸಿ ಕೂರುವುದುಂಟು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಎಂಬ ಕಾಮಾಲೆ ಕಡೆಯ 3 ತಿಂಗಳಲ್ಲಿ ತಗುಲಿದರೆ, 100 ಬಸುರಿಯರಲ್ಲಿ 20ರಿಂದ 25 ಮಂದಿಯವರೆಗೂ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥಾದ್ದಕ್ಕೆ ಒಂದು ದಿನವೂ ಕಾಯಬಾರದು.

ಹಾಗಾದರೆ ಮಾಡಬೇಕಾದ್ದೇನು? ಯಾವ ನಾಟಿ ಮದ್ದನ್ನೇ ಆಗಲಿ, ಬಾಯಿಗೆ ಹಾಕುವ ಮೊದಲು ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ತೋರಿಸಿ. ಆಗಲೇ ತಿಂದಿದ್ದರೆ ಮುಚ್ಚಿಡದೆ ಹೇಳಿ. ಉಳಿದ ಪುಡಿಯನ್ನೂ ಒಯ್ಯಿರಿ. ಆಸ್ಪತ್ರೆಯ ಕಬ್ಬಿಣದ ಮಾತ್ರೆ ಬಿಟ್ಟು ಕಷಾಯ ಹಿಡಿಯಬೇಡಿ. ರಕ್ತ ಕಂಡರೆ, ಹೊಟ್ಟೆನೋವು ಜೋರಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ತಡಮಾಡದೆ 108ಕ್ಕೆ ಫೋನು ಮಾಡಿ.

ಬಿತ್ತನೆ ಬೀಜಕ್ಕೆ ಔಷಧಿ ಬೆರೆಸುವಾಗ ಅಳತೆ ಕೇಳಿ ಬೆರೆಸುತ್ತೀರಿ. ಮನೆಯ ಬಸುರಿಯ ಬಾಯಿಗೆ ಮದ್ದು ಹಾಕುವಾಗಲೂ ಕೇಳಿಯೇ ಹಾಕಿ.