ಕಣ್ಣಿಗೆ ಸುಂಕು ತಾಗಿದರೆ ಅಂದೇ ಮದ್ದು: ಕಾರ್ನಿಯಾ ಹುಣ್ಣು ಮತ್ತು ಅದರ ಹತೋಟಿ

ಭತ್ತದ ಕೊಯ್ಲು ಮತ್ತು ಒಕ್ಕಣೆ, ಕಬ್ಬಿನ ತರಗು ಸುಲಿಯುವುದು, ಬೇಲಿ ಸವರುವುದು, ತೂರುವುದು ಇವೆಲ್ಲ ರೈತರ ನಿತ್ಯದ ಕೆಲಸಗಳು. ಈ ಕೆಲಸಗಳಲ್ಲಿ ಕಣ್ಣಿಗೆ ಸುಂಕು ಸಿಡಿಯುವುದು, ಗರಿ ತಾಗುವುದು, ಮುಳ್ಳು ಗೀರುವುದು ಸಾಮಾನ್ಯ. ಬಹಳ ಮಂದಿ ಕಣ್ಣನ್ನು ಉಜ್ಜಿಕೊಂಡು, ಟವಲಿನ ಅಂಚಿನಿಂದ ಒರೆಸಿ ಕೆಲಸ ಮುಂದುವರಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ತಾನಾಗಿ ವಾಸಿಯಾಗುವುದೂ ಉಂಟು. ಆದರೆ ಕೆಲವರಲ್ಲಿ ಆ ಸಣ್ಣ ಗೀರೇ ಹುಣ್ಣಾಗಿ, ಕಣ್ಣಿಗೆ ಹೂ ಬಿದ್ದು, ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಗಾಯವಾದ ಮೊದಲ ದಿನವೇ ಸರಿಯಾದ ಮದ್ದು ಬಿದ್ದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕಾರ್ನಿಯಾ ಎಂದರೇನು?

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ಸಲೀಸಾಗಿ ಒಳಗೆ ಹೋಗಲೆಂದು ಅದರಲ್ಲಿ ರಕ್ತನಾಳಗಳಿಲ್ಲ. ಅದರ ಮೇಲ್ಪದರ ಗಟ್ಟಿಯಾಗಿರುವವರೆಗೆ ರೋಗಾಣುಗಳು ಸುಲಭವಾಗಿ ಒಳನುಗ್ಗಲಾರವು. ಪದರ ಗೀರಿದಾಗ ದಾರಿ ತೆರೆದಂತಾಗುತ್ತದೆ. ಸುಂಕಿನ ಮೇಲಿನ ಧೂಳು, ಕೊಳಕು ನೀರು, ಕೈಬೆರಳು ಇವುಗಳ ಮೂಲಕ ರೋಗಾಣುಗಳು ಅಲ್ಲಿ ಸೇರಿ ವೃದ್ಧಿಯಾಗುತ್ತವೆ.

ರೋಗಕ್ಕೆ ಕಾರಣ

ಭತ್ತದ ಬೆಂಕಿ ರೋಗ ಶಿಲೀಂಧ್ರದಿಂದಲೂ ಅಂಗಮಾರಿ ರೋಗ ದುಂಡಾಣುವಿನಿಂದಲೂ ಬರುವುದು ರೈತರಿಗೆ ತಿಳಿದ ವಿಷಯ. ಕಾರ್ನಿಯಾ ಹುಣ್ಣಿನಲ್ಲಿಯೂ ಹೀಗೆಯೇ. ನೆರೆಯ ತಮಿಳುನಾಡಿನ ಮಧುರೆಯಲ್ಲಿ 1994ರ ಜನವರಿಯಿಂದ ಮಾರ್ಚ್‌ವರೆಗೆ ಆಸ್ಪತ್ರೆಗೆ ಬಂದ 434 ಮಂದಿ ಹುಣ್ಣಿನ ರೋಗಿಗಳನ್ನು ಪರೀಕ್ಷಿಸಲಾಯಿತು. ಅವರಲ್ಲಿ 284 ಮಂದಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು. ರೋಗಾಣು ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ದುಂಡಾಣುವೂ ಅಷ್ಟೇ ಮಂದಿಗೆ ಶಿಲೀಂಧ್ರವೂ ಕಾರಣವಾಗಿದ್ದವು. ದುಂಡಾಣುಗಳಲ್ಲಿ ನ್ಯೂಮೊಕಾಕಸ್ ಮೊದಲನೆಯದು. ನೀರು ಮತ್ತು ಮಣ್ಣಿನಲ್ಲಿರುವ ಸ್ಯೂಡೊಮೊನಾಸ್ ಎಂಬುದು ಒಂದೆರಡು ದಿನಗಳಲ್ಲಿಯೇ ಕಾರ್ನಿಯಾವನ್ನು ಕರಗಿಸಬಲ್ಲದು. ಮೂಗಿನ ಪಕ್ಕದ ಕಣ್ಣೀರಿನ ಚೀಲದಲ್ಲಿ ಬಹುದಿನದಿಂದ ಕೀವು ತುಂಬಿದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಭಕ್ತಪುರದ ಅನುಭವ

ಮೊದಲ ದಿನದ ಬೆಲೆ ಎಷ್ಟೆಂಬುದನ್ನು ನೇಪಾಳದ ಭಕ್ತಪುರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನ ತೋರಿಸಿಕೊಟ್ಟಿತು. ಇದರ ವರದಿ 2001ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣು ಗೀರಿದವರಿಗೆ ಶೇಕಡಾ 1ರ ಕ್ಲೋರಾಮ್‌ಫೆನಿಕಾಲ್ ಮುಲಾಮನ್ನು ದಿನಕ್ಕೆ 3 ಸಲದಂತೆ 3 ದಿನ ಹಚ್ಚಿದರು. ಹೀಗೆ ಚಿಕಿತ್ಸೆ ಪಡೆದ 442 ಮಂದಿಯಲ್ಲಿ 424 ಮಂದಿ ಹುಣ್ಣಾಗದೆ ಗುಣ ಹೊಂದಿದರು.

ಚಿಕಿತ್ಸೆ ಆರಂಭವಾದ ಸಮಯಕ್ಕೆ ತಕ್ಕಂತೆ ಫಲಿತಾಂಶ ಹೀಗಿತ್ತು:

18 ಗಂಟೆಯೊಳಗೆ ಬಂದವರು 284. ಹುಣ್ಣಾದವರು ಯಾರೂ ಇಲ್ಲ.
18ರಿಂದ 24 ಗಂಟೆಯೊಳಗೆ ಬಂದವರು 109, ಹುಣ್ಣಾದವರು 4.
24ರಿಂದ 48 ಗಂಟೆಯೊಳಗೆ ಬಂದವರು 49, ಹುಣ್ಣಾದವರು 14.

ಮದ್ದು ಒಂದೇ, ಹಚ್ಚಿದ ಕ್ರಮವೂ ಒಂದೇ. ವ್ಯತ್ಯಾಸವೆಲ್ಲ ತಡಮಾಡಿದ ಗಂಟೆಗಳದು. ಆದ್ದರಿಂದ "ನಾಳೆ ನೋಡೋಣ" ಎನ್ನುವುದು ಇಲ್ಲಿ ಸಲ್ಲದು.

ಲಕ್ಷಣಗಳು

ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವಿಕೆ, ನೋವು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಮೊದಲ ಲಕ್ಷಣಗಳು. ರೋಗ ಏರಿದಂತೆ ಕಣ್ಣು ಕೆಂಪಾಗಿ, ರೆಪ್ಪೆ ಊದಿ, ಕೀವು ಬರುತ್ತದೆ. ದೃಷ್ಟಿ ಮಸುಕಾಗುತ್ತದೆ. ಕರಿಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಬಣ್ಣದ ಚುಕ್ಕೆ ಕಂಡರೆ ಹುಣ್ಣಾಗಿದೆ ಎಂದೇ ತಿಳಿಯಬೇಕು. ಇದು ಸಾಮಾನ್ಯ ಕಣ್ಣುಬೇನೆಯಲ್ಲ. ಅಂದೇ ಕಣ್ಣಿನ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು.

ಹುಣ್ಣಾದ ಮೇಲೆ ಚಿಕಿತ್ಸೆ

ವೈದ್ಯರು ಕಣ್ಣಿಗೆ ಬಣ್ಣದ ಹನಿ ಹಾಕಿ ನೋಡಿದಾಗ ಹುಣ್ಣಿನ ಭಾಗ ಹಸಿರಾಗಿ ಕಾಣುತ್ತದೆ. ನೋವು ಗೊತ್ತಾಗದಂತೆ ಮದ್ದು ಹಾಕಿ, ಹುಣ್ಣಿನ ಅಂಚನ್ನು ಕೆರೆದು, ದುಂಡಾಣುವೋ ಶಿಲೀಂಧ್ರವೋ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಈ ಪರೀಕ್ಷೆಗೆ ಹೆದರಬೇಕಾಗಿಲ್ಲ. ಮದ್ದಿನ ಆಯ್ಕೆ ಇದನ್ನೇ ಅವಲಂಬಿಸಿದೆ.

ದುಂಡಾಣುವಿದ್ದರೆ ಮಾಕ್ಸಿಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದ ಆಂಟಿಬಯಾಟಿಕ್ ಹನಿಗಳನ್ನು ಕೊಡುತ್ತಾರೆ. ಹುಣ್ಣು ದೊಡ್ಡದಿದ್ದರೆ ಸೆಫಜೋಲಿನ್ ಮತ್ತು ಟೋಬ್ರಾಮೈಸಿನ್ ಮದ್ದುಗಳನ್ನು ಹೆಚ್ಚು ಸಾಂದ್ರತೆಯಲ್ಲಿ ಸಿದ್ಧಪಡಿಸಿ ಹಾಕುವುದುಂಟು. ಶಿಲೀಂಧ್ರವಿದ್ದರೆ ಈ ಮದ್ದುಗಳು ಕೆಲಸ ಮಾಡುವುದಿಲ್ಲ. ಅದಕ್ಕೆ ನಾಟಮೈಸಿನ್ ಬೇಕು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ, ನುಂಗುವ ಮಾತ್ರೆಗಿಂತ ನೇರವಾಗಿ ಹಾಕುವ ಹನಿಯೇ ಮುಖ್ಯ. ಆ ಹನಿಯೂ ಕಣ್ಣೀರಿನೊಂದಿಗೆ ಬೇಗ ತೊಳೆದುಹೋಗುತ್ತದೆ. ಆದ್ದರಿಂದ ಮೊದಲ ಎರಡು ದಿನ ಸಾಮಾನ್ಯವಾಗಿ ಗಂಟೆಗೊಮ್ಮೆ, ಹಗಲೂ ರಾತ್ರಿಯೂ ಹನಿ ಹಾಕಬೇಕಾಗುತ್ತದೆ. ಬೆಳೆಗೆ ನೀರು ಹಾಯಿಸಲು ನಡುರಾತ್ರಿ ಏಳುವ ಮನೆಯವರು ಇದಕ್ಕೂ ಸರದಿ ಹಾಕಿಕೊಂಡು ಏಳಬೇಕು. ಒಂದು ಸಲಕ್ಕೆ ಒಂದು ಹನಿ ಸಾಕು. ಎರಡು ಬಗೆಯ ಮದ್ದಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ನೋವು ಕಡಿಮೆಯಾಯಿತೆಂದು ವೈದ್ಯರು ಹೇಳುವ ಮೊದಲೇ ಮದ್ದು ನಿಲ್ಲಿಸಕೂಡದು. ರೋಗಾಣು ಸತ್ತ ನಂತರವೂ ಕಲೆ ಉಳಿಯಬಹುದು. ಕಲೆ ನಟ್ಟನಡುವೆ ಇದ್ದರೆ ದೃಷ್ಟಿಗಾಗಿ ನೇತ್ರದಾನಿಗಳ ಕಾರ್ನಿಯಾ ಕಸಿ ಮಾಡಬೇಕಾದೀತು.

ಮಾಡಬಾರದ ಕೆಲಸಗಳು

1. ಕಣ್ಣನ್ನು ಉಜ್ಜಬಾರದು. ಕಡ್ಡಿ, ಬಟ್ಟೆಯ ತುದಿ, ನಾಲಿಗೆಯಿಂದ ಕಸ ತೆಗೆಯಬಾರದು.
2. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬಾರದು. ಇವು ಹೊಸ ರೋಗಾಣುಗಳನ್ನು ತರುತ್ತವೆ.
3. ಅಂಗಡಿಯಲ್ಲಿ ಕೇಳಿ, ಸ್ಟೆರಾಯ್ಡ್ ಬೆರೆತ ಹನಿ ತಂದು ಹಾಕಬಾರದು. ಕೆಂಪು ಇಳಿದು ಗುಣವಾದಂತೆ ಕಂಡರೂ ಒಳಗೆ ರೋಗ, ಅದರಲ್ಲಿಯೂ ಶಿಲೀಂಧ್ರ, ಹಬ್ಬುತ್ತದೆ.
4. ಇನ್ನೊಬ್ಬರು ಬಳಸಿದ, ತೆರೆದು ತಿಂಗಳಾದ ಸೀಸೆಯ ಮದ್ದು ಬಳಸಬಾರದು.
5. ಕೀವು ಇರುವ ಕಣ್ಣಿಗೆ ಪಟ್ಟಿ ಕಟ್ಟಬಾರದು.

ಮುನ್ನೆಚ್ಚರಿಕೆ

ಒಕ್ಕಣೆ, ತೂರುವಿಕೆ, ಕಳೆ ಕೊಚ್ಚುವ ಯಂತ್ರದ ಕೆಲಸಗಳಲ್ಲಿ ಬದಿಯೂ ಮುಚ್ಚುವ ಸಾದಾ ರಕ್ಷಣಾ ಕನ್ನಡಕ ಧರಿಸುವುದು ಒಳ್ಳೆಯದು. ಕಣ್ಣಿಗೆ ಕಸ ಬಿದ್ದರೆ ಶುದ್ಧ ನೀರಿನಿಂದ ತೊಳೆದು, ಚುಚ್ಚುವಿಕೆ ಉಳಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಯಾವಾಗ, ಏನು ತಾಗಿತು, ಯಾವ ಮದ್ದು ಹಾಕಿದ್ದಿರಿ ಎಂಬುದನ್ನು ಮರೆಮಾಚದೆ ಹೇಳಬೇಕು. ಕೂಲಿಗೆ ಬಂದವರ ಕಣ್ಣಿಗೆ ಪೆಟ್ಟಾದರೆ ಅವರನ್ನು ಆಸ್ಪತ್ರೆಗೆ ಕಳುಹಿಸುವುದು ಜಮೀನಿನವರ ಕರ್ತವ್ಯವೆಂದು ತಿಳಿಯತಕ್ಕದ್ದು.

ಸುಗ್ಗಿಯ ಕೆಲಸ ಅರ್ಧ ದಿನ ನಿಂತರೆ ಮರುದಿನ ತುಂಬಿಕೊಳ್ಳಬಹುದು. ಹೋದ ಕಣ್ಣನ್ನು ತುಂಬಿಕೊಳ್ಳುವುದು ಕಷ್ಟ.